ಪೇಟದೊಳಗಿಂದ ಕಂಡ ಫೈನಲ್

ಕಬಡ್ಡಿ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದಿದ್ದವರು ನಮ್ಮ ಸಂಪಾದಕರು ಮಾತ್ರ! ಶಿರಸಿಯ ನಮ್ಮ ಪತ್ರಿಕೆಯಲ್ಲಿ ಅವರು ನನಗೆ ಕೊಟ್ಟಿದ್ದು ವಾರದ ಅಡುಗೆ ಅಂಕಣ. ನಾನು ಬೆನ್ನು ಬಿಡದೆ ಕಾಡಿದ ಮೇಲೆ ಕಿರವತ್ತಿಯ ಕಬಡ್ಡಿ ಫೈನಲ್ ವರದಿ ಮಾಡಲು ಒಪ್ಪಿದರು. "ಇದು ಸರಿಯಾದ್ರೆ ಈ ಸೀಸನ್ ಪೂರ್ತಿ ನಿಮ್ಮದೇ. ಇಲ್ಲಾಂದ್ರೆ ತಂಬುಳಿ ಇದ್ದೇ ಇದೆ" ಎಂದರು.

ಹೊರಡುವಾಗ ಗಂಡನಿಗೆ ಚಿಂತೆ. "ಅಲ್ಲಿ ಬರೇ ಗಂಡಸ್ರೇ ಇರ್ತ. ನಿಂಗೆ ಎಂತಾದ್ರೂ ತೊಂದ್ರೆ ಆದ್ರೆ?"

"ತೊಂದ್ರೆ ಆಪ್ದು ಅವ್ಕೆ!" ಎಂದು ಬ್ಯಾಗು ಹೆಗಲಿಗೇರಿಸಿದೆ.

ಮೈದಾನದಲ್ಲಿ ಸಂಘಟಕ ಬಸಣ್ಣ ಕೈ ಮುಗಿದು ಬಂದರು. "ಬರ್ರಿ ಅಕ್ಕಾರ, ಹೆಣ್ಮಕ್ಕಳಿಗೆ ಆ ಕಡೆ ನೆರಳಾಗ ಕುರ್ಚಿ ಹಾಕೀವಿ."

"ನಾನು ಪೇಪರಿನಿಂದ ಬಂದಿದ್ದೇನೆ. ಆಟದ ಗೆರೆ ಪಕ್ಕದಲ್ಲೇ ಕೂರಬೇಕು."

"ಹಂಗೇನ್ರಿ? ವರದಿ ಬರಿಯೋ ಸರ್ ಯಾವಾಗ ಬರ್ತಾರ್ರಿ?"

"ಆ ಸರ್ ನಾನೇ!"

ಬಸಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಓಡಿಹೋಗಿ ಮೈಕಿನವನ ಕಿವಿಯಲ್ಲಿ ಏನೋ ಹೇಳಿದರು. ನಾನು ಅಲ್ಲೇ ಎಚ್ಚರಗೊಳ್ಳಬೇಕಿತ್ತು.

ಪಂದ್ಯವೆಂದರೆ ಪಂದ್ಯ! ಒಂದು ಕಡೆ ಮನ್ಮನೆ ತಂಡ, ಇನ್ನೊಂದು ಕಡೆ ಕಿರವತ್ತಿ. ಯಾರೂ ಸೋಲಲೊಲ್ಲರು. ಹೊತ್ತು ಇಳಿಯುತ್ತ ಬಂದಾಗ ಅಂಕ ಸಮಸಮ. ಆಗ ಕಿರವತ್ತಿಯವರು ಟೈಮ್ ಔಟ್ ಕೇಳಿದರು. ನಮ್ಮ ಕಡೆ ಆಟ ನಿಂತರೂ ಮೈಕ್ ನಿಲ್ಲುವುದಿಲ್ಲ. ಆ ಸಂದಿಯಲ್ಲಿ ಯಾರಿಗಾದರೂ ಶಾಲು ಹೊದಿಸಲೇಬೇಕು.

"ನಮ್ಮ ಮೈದಾನಕ್ಕೆ ಬಂದ ಮೊಟ್ಟಮೊದಲ ಮಹಿಳಾ ಕ್ರೀಡಾ ವರದಿಗಾರರು ವೇದಿಕೆಗೆ ಬರಬೇಕು!"

ಬೇಡವೆನ್ನಬೇಕಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹಿಗ್ಗಿ ಹೋದೆ. ಒಂದು ನಿಮಿಷದ ಕೆಲಸ ತಾನೇ ಎಂದು ಹತ್ತಿದೆ. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಪೆನ್ನು ಹಿಡಿಯಲು ಕೈಯೇ ಉಳಿಯಲಿಲ್ಲ. ಕೊನೆಗೆ ಪೇಟ ಬಂತು. ಸನ್ಮಾನದ ಪೇಟವನ್ನು ಗಂಡಸರ ತಲೆಯ ಅಳತೆಗೇ ಕಟ್ಟುತ್ತಾರೆ ಎಂಬ ಐತಿಹಾಸಿಕ ಸತ್ಯ ನನಗೆ ಹೊಳೆದದ್ದು, ಅದು ಸೀದಾ ಜಾರಿ ಮೂಗಿನ ಮೇಲೆ ಕೂತಾಗ. ಲೋಕವೇ ಕತ್ತಲಾಯಿತು!

"ಎರಡು ಮಾತು ಆಡ್ರಿ ಅಕ್ಕಾರ" ಎಂದು ಬಸಣ್ಣ ಮೈಕ್ ಹಿಡಿದರು.

ಆಡಿದೆ. ಕ್ರೀಡಾ ಪುಟದಲ್ಲಿ ಹೆಣ್ಣುಮಕ್ಕಳಿಗೆ ಯಾರೂ ಜಾಗ ಕೊಡದಿರುವ ಬಗ್ಗೆ ಪೇಟದೊಳಗಿಂದಲೇ ಆವೇಶವಾಗಿ ಆಡಿದೆ. ಎರಡು ಮಾತು ಯಾವಾಗ ಮುಗಿದವೋ, ಇಪ್ಪತ್ತು ಯಾವಾಗ ದಾಟಿದವೋ! "ನಮಗೂ ಕಣ್ಣಿದೆ! ನಾವೂ ಆಟ ನೋಡಬಲ್ಲೆವು!" ಎಂದದ್ದೇ ತಡ, ಮೈದಾನವೇ ಎದ್ದು ಕೂಗಿತು. ಸೀಟಿ, ಡೋಲು, ಮೇಲಿಂದ ಪಟಾಕಿ! ನನಗೆ ಕಣ್ಣು ತುಂಬಿ ಬಂತು. ಭಾಷಣಕ್ಕೆ ಪಟಾಕಿ ಹಚ್ಚುವ ಜನ ಎಲ್ಲಿ ಸಿಗುತ್ತಾರೆ?

ಬುಟ್ಟಿ ಕೆಳಗಿಟ್ಟು ಪೇಟ ಎತ್ತಿ ನೋಡಿದೆ. ಕಿರವತ್ತಿಯ ರೇಡರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಕತ್ತಲಾಗುತ್ತದೆಂದು ರೆಫರಿ ನನಗೆ ಕಾಯದೆ ಆಟ ಮುಗಿಸಿಬಿಟ್ಟಿದ್ದರು!

ಅಷ್ಟರಲ್ಲೇ ಸಂಪಾದಕರ ಫೋನ್. "ಕೊನೇ ರೇಡ್ ಭಾರೀ ಆಯ್ತಂತಲ್ಲ! ಹೇಗೆ ಹಿಡಿತ ಬಿಡಿಸಿಕೊಂಡು ಬಂದ? ಕಣ್ಣಾರೆ ಕಂಡ ಹಾಗೆ ಬರೀರಿ."

"ಸರ್... ಸನ್ಮಾನ ಬಹಳ ಚೆನ್ನಾಗಿ ಆಯ್ತು" ಎಂದೆ.

"ಅಲ್ಲಿ ಸಂಘಟಕರು ಇದ್ರೆ ಫೋನ್ ಅವರಿಗೆ ಕೊಡಿ" ಎಂದರು.

ಮರುದಿನ ಕ್ರೀಡಾ ಪುಟದಲ್ಲಿ ನಾನು ಬಂದಿದ್ದೆ. ವರದಿ ಬಸಣ್ಣ ಕಳಿಸಿದ್ದು. ಫೋಟೋ ಮಾತ್ರ ನನ್ನದು. ಗಂಡ ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಫೋಟೋ ಚೊಲೋ ಬಂಜು. ಪೇಟದ ಅಡಿಗೆ ಇಪ್ಪವು ಯಾರೇ?"

"ಆನೇ ಮಾರಾಯಾ!" ಎಂದು ನನ್ನತ್ತಲೇ ಬೆರಳು ತೋರಿಸಿಕೊಂಡೆ.

ಈ ವಾರ ಒಂದೆಲಗದ ತಂಬುಳಿಯ ಬಗ್ಗೆ ಬರೆಯುತ್ತಿದ್ದೇನೆ. ಒಗ್ಗರಣೆ ಹಾಕುವ ಹೊತ್ತಿಗೆ ಯಾರೂ ವೇದಿಕೆಗೆ ಕರೆಯುವುದಿಲ್ಲ. ಕೊನೆಯ ತನಕ ಕಣ್ಣಾರೆ ನೋಡಿಯೇ ಬರೆಯಬಹುದು!