ಭಾವನ ವೀಟೋ

ನಮ್ಮ ಭಾವನಷ್ಟು ಅಮೆರಿಕವನ್ನು ಬಲ್ಲವರು ಇಡೀ ಮಸ್ಕತ್ತಿನಲ್ಲಿ ಇರಲಿಲ್ಲ. ಅವರು ಅಮೆರಿಕ ನೋಡಿರಲಿಲ್ಲ ಎನ್ನುವುದು ಸಣ್ಣ ವಿಷಯ ಬಿಡಿ!

ಭಾವ ಎಂದರೆ ನನ್ನ ಅಕ್ಕನ ಗಂಡ, ವಾದಿ ಅದಾಯ್‌ನ ಗ್ಯಾರೇಜೊಂದರಲ್ಲಿ ಸ್ಟೋರ್‌ಕೀಪರ್. ಊರಿಗೆ ಹೊರಟ ಯಾರೋ ಎಂಜಿನಿಯರ್ ಬಿಟ್ಟುಹೋದ ಪುಸ್ತಕಗಳ ನಡುವೆ ಅವರಿಗೆ ಅಮೆರಿಕದ ಸಂವಿಧಾನ ಹುಟ್ಟಿದ ಕತೆ ಸಿಕ್ಕಿತು. ಬೇರೆಯವರಾದರೆ ಓದಿ ಮಡಚಿಡುತ್ತಿದ್ದರು. ಭಾವ ಜಾರಿಗೆ ತಂದರು!

ಎಂಬತ್ತರ ದಶಕದ ಕೊನೆಯ ಮಾತು. ಹೆಂಡತಿ ಮಕ್ಕಳನ್ನು ಉಡುಪಿ ಕಡೆ ಬಿಟ್ಟುಬಂದ ಏಳು ಜನ ಒಂದೇ ಫ್ಲ್ಯಾಟಿನಲ್ಲಿದ್ದೆವು. ದೊಡ್ಡ ಕೋಣೆಯಲ್ಲಿ ನಾಲ್ವರು, ಸಣ್ಣದರಲ್ಲಿ ನಾನು ಮತ್ತು ಸದಾನಂದಣ್ಣ, ನಡುವಿನ ಹಾಲ್‌ನಲ್ಲಿ ಭಾವ. ಅಡುಗೆ ಸದಾನಂದಣ್ಣನದು. ಅವನು ಸತತ ಮೂರು ದಿನ ಒಂದೇ ಬಂಗುಡೆ ಸಾರು ಬಡಿಸಿದಾಗ ಭಾವ ಎದ್ದು ನಿಂತರು.

"ಎಂತ ಬೇಯಿಸ್ಬೇಕು ಅಂತ ಹೇಳುವವನು, ಬೇಯಿಸುವವನು, ರುಚಿ ಉಂಟು ಅಂತ ತೀರ್ಪು ಕೊಡುವವನು, ಮೂವರೂ ಒಬ್ಬನೇ ಆದ್ರೆ ಅವ ರಾಜ ಆಗ್ತಾನೆ ಮಾರಾಯ! ಅಮೆರಿಕದವರು ಮೂರನ್ನೂ ಬೇರೆ ಮಾಡಿದ್ದು ಸುಮ್ಮನೆ ಅಲ್ಲ."

ಮುನಿಸಿಕೊಂಡ ಸದಾನಂದಣ್ಣ ಅಂದಿನಿಂದ ಭಾವನ ಯಾವ ಮಾತಿಗೂ ಒಪ್ಪಿ ಕೈ ಎತ್ತಲಿಲ್ಲ.

ಮುಂದಿನ ಶುಕ್ರವಾರ ಸಂವಿಧಾನ ಸಭೆ. ಅಮೆರಿಕದ ಹಿರಿಯರು ಗುಟ್ಟು ಹೊರಬೀಳದಂತೆ ಬೇಸಿಗೆಯಿಡೀ ಕಿಟಕಿ ಮುಚ್ಚಿ ಕುಳಿತಿದ್ದರಂತೆ. ಭಾವ ಕಿಟಕಿ ಮುಚ್ಚಿದರು. ಅವರಿಗೆ ಎಸಿ ಇರಲಿಲ್ಲವೆಂದು ಎಸಿಯನ್ನೂ ಆರಿಸಿದರು. ಜೂನ್ ತಿಂಗಳು, ಮಸ್ಕತ್! ಅಮೆರಿಕದವರಿಗೆ ನಾಲ್ಕು ತಿಂಗಳು ಹಿಡಿದ ಕೆಲಸ ನಮ್ಮಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಿತು. ಓದದೆಯೇ ಎಲ್ಲರೂ ಸಹಿ ಹಾಕಿ ಬಾಲ್ಕನಿಗೆ ಓಡಿದೆವು.

ಹಾಗೆ ಭಾವ ಅಧ್ಯಕ್ಷರಾದರು, ನಮ್ಮ ಕೋಣೆಗಳು ಎರಡು ಸದನಗಳಾದವು. ಎರಡೂ ಒಪ್ಪದೆ ಒಗ್ಗರಣೆಯೂ ಇಲ್ಲ. ದೊಡ್ಡ ಕೋಣೆಯವರು ದಿನಾ ಒಣಮೀನು ಬೇಕೆಂದರು. ನಾವಿಬ್ಬರು ಬೇಡವೆಂದೆವು. ನಾಲ್ವರ ಆಸೆಗೆ ಇಬ್ಬರು ಅಡ್ಡ ಬರಬಹುದೇ? ಬರಬಹುದು! ಸಣ್ಣವರನ್ನು ದೊಡ್ಡವರು ತುಳಿಯಬಾರದೆಂದೇ ಈ ಏರ್ಪಾಡಂತೆ. ಎರಡೂ ಕೋಣೆ ಒಪ್ಪಿದ ಮಸೂದೆ ತನಗೆ ಹಿಡಿಸದಿದ್ದರೆ ಭಾವ ಸೌಟು ಎತ್ತಿ "ವೀಟೋ!" ಎನ್ನುತ್ತಿದ್ದರು. ಅದನ್ನು ಮುರಿಯಲು ಪ್ರತಿ ಕೋಣೆಯಲ್ಲೂ ಮೂರರಲ್ಲಿ ಎರಡು ಪಾಲು ಕೈ ಏಳಬೇಕು. ಸಣ್ಣ ಕೋಣೆಯಲ್ಲಿ ಹಾಗೆಂದರೆ ಇಬ್ಬರೂ. ಆಗ ಮಾತ್ರ "ಕೈ ಎತ್ತಿ" ಎಂದು ಕೇಳುವವರು ಭಾವ, ಅವರು ಹೇಳಿದರೆಂದೇ ಸದಾನಂದಣ್ಣ ಎತ್ತುತ್ತಿರಲಿಲ್ಲ. ಐದು ವರ್ಷದಲ್ಲಿ ಒಂದು ವೀಟೋವೂ ಮುರಿಯಲಿಲ್ಲ.

ಒಂದು ದಿನ ಒಗೆಯಲು ತೆಗೆದ ಭಾವನ ಅಂಗಿಯ ಜೇಬಿನಲ್ಲಿ ಡಾಕ್ಟರ ಚೀಟಿ ಸಿಕ್ಕಿತು. ಹೃದಯದ ಆಪರೇಷನ್ ಆಗಬೇಕು, ತಡಮಾಡಬಾರದು. ಬರೆದು ಎರಡು ತಿಂಗಳಾಗಿತ್ತು!

"ಮುಂದಿನ ವರ್ಷ ಮಗಳ ಮದುವೆ ಆಗ್ಲಿ, ಮತ್ತೆ ನೋಡುವ," ಎಂದರು ಭಾವ. ಬೇಡಿಕೊಂಡೆ, ಬೈದೆ. ಕಲ್ಲು!

ಕೊನೆಗೆ ಹಟ ಹಿಡಿದು ಮಸೂದೆ ಮಂಡಿಸಿದೆ: ಭಾವ ಈ ವಾರವೇ ಊರಿಗೆ ಹೋಗತಕ್ಕದ್ದು. ದೊಡ್ಡ ಕೋಣೆ ಒಪ್ಪಿತು. ಸದಾನಂದಣ್ಣ ಕೆಲಸದ ಮೇಲೆ ಸುವೈಕ್‌ಗೆ ಹೋಗಿದ್ದರಿಂದ ಸಣ್ಣ ಕೋಣೆಯಲ್ಲಿ ನನ್ನೊಂದು ಕೈ ಸಾಕಾಯಿತು.

"ವೀಟೋ!" ಭಾವ ಸೌಟು ಎತ್ತಿದರು. "ನಾಳೆ ಸದಾನಂದ ಬರ್ತಾನೆ. ಅವ ಕೈ ಎತ್ತುದಿಲ್ಲ. ಖಲಾಸ್!"

ಮರುದಿನ ದೊಡ್ಡ ಕೋಣೆಯ ನಾಲ್ಕೂ ಕೈ ಎದ್ದವು. ನನ್ನದೂ ಎದ್ದಿತು. ಸದಾನಂದಣ್ಣ ಚೀಟಿಯನ್ನು ಎರಡು ಸಲ ಓದಿದ.

"ಇವರು ಹೇಳಿದ್ದಕ್ಕೆ ನಾನು ಇಷ್ಟು ವರ್ಷ ಕೈ ಎತ್ಲಿಲ್ಲ," ಎಂದ. "ಈಗ್ಲೂ ಇವರ ಮಾತು ಕೇಳುದಿಲ್ಲ." ಎತ್ತಿದ. ಎರಡೂ ಕೈ!

ಭಾವ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಸೌಟು ಕೆಳಗಿಟ್ಟು ಸೂಟ್‌ಕೇಸ್ ಎಳೆದರು.

ವಿಮಾನ ನಿಲ್ದಾಣದಲ್ಲಿ ಸದಾನಂದಣ್ಣನನ್ನು ತಬ್ಬಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ನಾನು ರಾಜ ಆಗಿದ್ರೆ ಇಲ್ಲೇ ಸಾಯ್ತಿದ್ದೆ ಮಾರಾಯ."