ಕಡ ತಂದ ಬಡತನ

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುವ ನಮ್ಮಂಥ ಅಪ್ಪಂದಿರಿಗೆ ಮನೆ, ಕಾರು, ಹೆಲ್ತ್ ಇನ್ಶೂರೆನ್ಸ್ ಇದ್ದರೆ ಸಾಲದು. ಹಿಂದೆ ಒಂದು ಒಳ್ಳೆಯ ಬಡತನವೂ ಇರಬೇಕು. ಅದಿಲ್ಲದಿದ್ದರೆ ಮಗು ತಟ್ಟೆಯಲ್ಲಿ ಪಲ್ಯ ಬಿಟ್ಟಾಗ ಏನು ಹೇಳುವುದು? ಚಳಿಗಾಲದಲ್ಲಿ ಹೀಟ್ ಏರಿಸಿದಾಗ ಏನೆಂದು ಗದರುವುದು? ಹಾಗಾಗಿ ನನ್ನ ಗೆಳೆಯರೆಲ್ಲ ಯಥಾಶಕ್ತಿ ಒಂದೊಂದು ಬಡತನ ಇಟ್ಟುಕೊಂಡಿದ್ದಾರೆ. ಸೀಕಾಕಸ್‌ನಲ್ಲಿರುವ ಒಬ್ಬನಂತೂ ದಿನಾ ಹೊಳೆ ಈಜಿ ಶಾಲೆಗೆ ಹೋಗುತ್ತಿದ್ದನೆಂದು ಅವನ ಮಕ್ಕಳು ಇಂದಿಗೂ ನಂಬಿದ್ದಾರೆ. ಅವನ ಊರು ವಿಜಯಪುರದ ಆಚೆಗಿದೆ. ಅವನ ಮದುವೆಗೆಂದು ನಾನು ಅಲ್ಲಿಗೆ ಹೋಗಿದ್ದೆ. ಈಜುವುದಿರಲಿ, ಉಂಡು ಕೈತೊಳೆಯುವ ನೀರಿಗೂ ಟ್ಯಾಂಕರ್ ಬಂದಿತ್ತು. ಆದರೂ ನಾನು ಅವನ ಮಕ್ಕಳ ಮುಂದೆ ಬಾಯಿ ಬಿಟ್ಟಿಲ್ಲ. ನನ್ನ ಮಗಳ ಮುಂದೆ ಅವನೂ ಬಿಟ್ಟಿಲ್ಲ. ಸ್ನೇಹ ಉಳಿಯುವುದು ಹೀಗೆ.

ನನ್ನ ಮಗಳು ಅನ್ವಿತಾ ಹೈಸ್ಕೂಲಿನಲ್ಲಿದ್ದಾಳೆ. ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಿಂದ ಸಂಜೆ ನಾನು ಮನೆಗೆ ಬಂದು ಊಟಕ್ಕೆ ಕುಳಿತರೆ ನಮ್ಮಿಬ್ಬರ ಸಂಭಾಷಣೆ ಬಹಳ ಚಿಕ್ಕದು. "ಸ್ಕೂಲ್ ಹೆಂಗಿತ್ತು?" "ಗುಡ್." "ಏನ್ ಕಲಿಸಿದ್ರು?" "ನಥಿಂಗ್." ಅಷ್ಟಾದ ಮೇಲೆ ಅವಳು ಫೋನು ನೋಡುತ್ತಾಳೆ, ನಾನು ಸಾರು ನೋಡುತ್ತೇನೆ. ಹೀಗಿರುವಾಗ ಹೋದ ಚಳಿಗಾಲದಲ್ಲಿ ಅವಳ ಇಂಗ್ಲಿಷ್ ಕ್ಲಾಸಿಗೆ ವಿಕ್ಟೋರಿಯಾ ರಾಣಿಯ ಕಾಲದ ಒಂದು ದಪ್ಪ ಕಾದಂಬರಿಯನ್ನು ಓದಲು ಕೊಟ್ಟರು. ಅದರಲ್ಲಿ ಬಡವರು ಪುಟಪುಟಕ್ಕೂ ನಡುಗುತ್ತಾರೆ, ಸಿರಿವಂತರು ಪುಟಪುಟಕ್ಕೂ ಚಹಾ ಕುಡಿಯುತ್ತಾರೆ. ಒಂದು ಸಂಜೆ ಅನ್ವಿತಾ ಕೆಂಪಗಾದ ಕಣ್ಣು ಒರೆಸಿಕೊಳ್ಳುತ್ತ ಊಟಕ್ಕೆ ಬಂದಳು. "ಅಪ್ಪಾ, ಅವರ ಮನೇಲಿ ಉರಿಸೋಕೆ ಇದ್ದಿಲೇ ಇಲ್ಲ! ದೇ ಆರ್ ಲಿಟರಲಿ ಫ್ರೀಜಿಂಗ್. ವರ್ ಯೂ ಪೂರ್ ಲೈಕ್ ದಟ್?" ಎಂದು ಕೇಳಿ ಫೋನನ್ನು ಬೋರಲು ಹಾಕಿದಳು. ಫೋನು ಬೋರಲಾದದ್ದನ್ನು ನಾನು ಆ ಮೇಜಿನ ಮೇಲೆ ಹಿಂದೆಂದೂ ಕಂಡಿರಲಿಲ್ಲ. "ಹೌದವಾ, ನಾವೂ ಭಾಳ ಕಷ್ಟದಾಗ ಬೆಳದೇವಿ" ಎಂದುಬಿಟ್ಟೆ.

ಅಲ್ಲಿಂದ ದಿನಕ್ಕೊಂದು ಕಥೆ. ಕಂದೀಲಿನ ಬೆಳಕಿನಲ್ಲಿ ಓದಿದ್ದನ್ನು ಹೇಳಿದೆ. ಕರೆಂಟು ಹೋದ ಆ ರಾತ್ರಿ ನಮ್ಮೂರು ಹುಬ್ಬಳ್ಳಿಯ ಸಾಹುಕಾರರ ಮಕ್ಕಳೂ ಕಂದೀಲಿನಲ್ಲೇ ಓದಿದ್ದರೆಂಬುದನ್ನು ಹೇಳಲಿಲ್ಲ. ಚಿಕ್ಕಪ್ಪನ ಮಗನ ಹಳೇ ಅಂಗಿ ತೊಟ್ಟಿದ್ದನ್ನು ಹೇಳಿದೆ. ಅದು ರೇಷ್ಮೆಯದಾಗಿತ್ತೆಂಬುದನ್ನು ನುಂಗಿಕೊಂಡೆ. ಮಗಳು ಗಲ್ಲಕ್ಕೆ ಕೈಹಚ್ಚಿ ಕೇಳುತ್ತಿದ್ದಳು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಲೋಕದಲ್ಲಿ ಬೇರೇನೂ ಬೇಕೆನಿಸುತ್ತಿರಲಿಲ್ಲ. ಆದರೆ ಇದ್ದ ಅಲ್ಪಸ್ವಲ್ಪ ಬಡತನ ವಾರದೊಳಗೇ ಖಾಲಿಯಾಯಿತು. ಅವಳು ಮತ್ತೆ ಫೋನಿನ ಕಡೆ ಕೈ ಚಾಚುವಳೆಂಬ ಹೆದರಿಕೆಗೆ ನಾನು ಆಫೀಸಿನ ಲಂಚ್ ಹೊತ್ತಿನಲ್ಲಿ ಕದ್ದು ಅದೇ ಕಾದಂಬರಿಯನ್ನು ಓದತೊಡಗಿದೆ. ಕ್ಲಾಸು ಇನ್ನೂ ಮೊದಲ ಭಾಗದಲ್ಲಿತ್ತು. ನಾನು ಕೊನೆಯ ಭಾಗಕ್ಕೆ ಕೈಹಾಕಿದೆ. ಅಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರಿಗೂ ಸೇರಿ ಒಂದೇ ಕೋಟು. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಮನೆಯಲ್ಲೇ ಇರಬೇಕು. ಅಂದು ಸಂಜೆಯೇ ಆ ಕೋಟು ನನ್ನದೂ ನನ್ನಕ್ಕನದೂ ಆಗಿ ಹುಬ್ಬಳ್ಳಿಗೆ ಬಂತು.

ಅಡುಗೆಮನೆಯಲ್ಲಿ ಹೆಂಡತಿ ಸುಧಾ ನನ್ನನ್ನು ಹಿಡಿದುಕೊಂಡಳು. ಅವಳು ಮೈಸೂರಿನವಳು, ದನಿ ಏರಿಸುವುದಿಲ್ಲ. "ಹುಬ್ಳೀಲಿ ಕೋಟಾ?" ಎಂದಳು. "ಸುಮ್ನಿರ ಮಾರಾಯ್ತಿ, ಅಕಿ ಕೇಳಾಕತ್ತಾಳ" ಎಂದೆ. "ಕೇಳ್ಲಿ ಕೇಳ್ಲಿ. ನಿಮ್ಮಕ್ಕನೂ ಕೇಳ್ತಾರೆ" ಎಂದು ಒಗ್ಗರಣೆ ಹಾಕಿದಳು. ಕೆಲವು ವಾರಗಳ ಮೇಲೆ ಅನ್ವಿತಾ ಪುಸ್ತಕ ಹಿಡಿದುಕೊಂಡು ಓಡಿಬಂದಳು. ಅದರೊಳಗಿನ ಕೋಟು ಅವಳಿಗೆ ಸಿಕ್ಕಿತ್ತು. ಕಳ್ಳತನ ಬಯಲಾಯಿತೆಂದೇ ಅಂದುಕೊಂಡೆ. ಅವಳೋ, "ಅಪ್ಪಾ, ದಿಸ್ ಈಸ್ ಯೂ ಆಂಡ್ ಅತ್ತೆ!" ಎಂದು ನನ್ನನ್ನು ತಬ್ಬಿಕೊಂಡಳು. "ಬಡವರ ಪಾಡು ಎಲ್ಲಾ ಕಡೆ ಒಂದ ಇರತೈತಿ, ಮಗಳ" ಎಂದು ನಾನೂ ಕಣ್ಣು ಒರೆಸಿಕೊಂಡೆ. ನಾಚಿಕೆಯ ಮಾತೇನೆಂದರೆ, ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು.

ಆ ವಾರಾಂತ್ಯವೇ ಅಕ್ಕ ಬರಬೇಕೇ! ಅವಳು ಇಲ್ಲೇ ಅಮೆರಿಕದ ಜೆರಿಕೋದಲ್ಲಿ ಕಣ್ಣಿನ ಡಾಕ್ಟರು. ಬಂದವಳು ಶಾಲು ತೆಗೆದು ಕೂಡುವುದರೊಳಗೆ ಅನ್ವಿತಾ ಅವಳ ಕೈ ಹಿಡಿದು, "ಅತ್ತೆ, ಐ ಆಮ್ ಸೋ ಸಾರಿ ಅಬೌಟ್ ದ ಕೋಟ್" ಎಂದಳು.

"ಯಾ ಕೋಟವಾ?"

"ನೀವು, ಅಪ್ಪ ಶೇರ್ ಮಾಡ್ತಿದ್ದಿದ್ದು."

ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅವಳು ಅರ್ಥಮಾಡಿಕೊಳ್ಳುವ ಬದಲು ಎದ್ದುಬಂದು ನನ್ನ ರೆಪ್ಪೆ ಅಗಲಿಸಿ ನೋಡಿದಳು. "ಕಣ್ಣಿಗೇನಾಗೇತೋ ತಮ್ಮಾ? ಹೇಳಿದ ಡ್ರಾಪ್ಸ್ ಹಾಕ್ಕೊಳ್ಳಾಕತ್ತೀಯೋ ಇಲ್ಲೋ?" ಆಮೇಲೆ ಮಗಳ ಕಡೆ ತಿರುಗಿ, "ಹುಬ್ಬಳ್ಳ್ಯಾಗ ಕೋಟ ತೊಗೊಂಡು ಏನ್ ಮಾಡೂದವಾ? ಸೆಕಿಗೆ ಮೈಮ್ಯಾಲೆ ಬನಿಯನ್ ನಿಂದರತಿದ್ದಿಲ್ಲ. ನಿಮ್ಮಜ್ಜ ದೊಡ್ಡ ವಕೀಲ. ನಿಮ್ಮಪ್ಪ ಅಂತೂ ಹಾಲಿನ ಮ್ಯಾಲೆ ಕೆನಿ ಇರಲಿಲ್ಲಂದ್ರ ನೆಲದ ಮ್ಯಾಲೆ ಉಳ್ಳಾಡಿ ಅಳತಿದ್ದ. ಟಾಂಗಾದಾಗ ಸಾಲಿಗೆ ಹೊಂಟಾಂವ, ಬೂಟಿಗೆ ಧೂಳ ಹತ್ತೇತಿ ಅಂತ ತಿರುಗಿ ಮನೀಗೆ ಬರತಿದ್ದ!"

"ಯೂ ಸ್ಟೋಲ್ ದ ಕೋಟ್!" ಎಂದು ಅನ್ವಿತಾ ಚೀರಿದಳು. ಅಡುಗೆಮನೆಯಲ್ಲಿ ಸುಧಾ ನಕ್ಕದ್ದು ಕೇಳಿಸಿತು. "ಹಾಗಾದ್ರೆ ಬಡವರು ಯಾರು, ಅತ್ತೆ?" ಎಂದು ಮಗಳು ಕೇಳಿದಳು.

ಅಕ್ಕ ಶಾಲು ತೆಗೆದು ಮಡಚಿದಳು. "ನಮ್ಮ ಹಿಂದಿನ ಓಣ್ಯಾಗ ಇದ್ರವಾ. ಖರೇನ ಬಡವರು. ನಾವು ಒಂದಿನಾನೂ ಆ ಕಡೆ ಹೋಗಲಿಲ್ಲ. ಅವರ ಕಥಿ ನಮಗ ಗೊತ್ತಿಲ್ಲ."

ಆ ಕಾದಂಬರಿಯಲ್ಲಿ ಸಾರೋಟಿನೊಳಗೆ ಕುಳಿತು ಬಡವರು ಕಂಡೊಡನೆ ಕಿಟಕಿಯ ಪರದೆ ಎಳೆದುಕೊಳ್ಳುವ ಹುಡುಗನೊಬ್ಬ ಬರುತ್ತಾನೆ. ಓದುವಾಗ ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಟಾಂಗಾದ ಮಾತು ಬಂದ ಮೇಲೆ ಅವನು ಯಾರೆಂದು ತಿಳಿಯಿತು. ಅನ್ವಿತಾ ಫೋನೆತ್ತಿಕೊಂಡು ಮಹಡಿ ಹತ್ತಿ ಹೋದಳು. ನನ್ನ ಮೇಜಿನ ಸುಖ ಅಲ್ಲಿಗೆ ಮುಗಿಯಿತೆಂದು ನನಗೆ ಬಹಳ ಬೇಸರವಾಯಿತು. ಅಕ್ಕನ ಮೇಲೆ ಸಿಟ್ಟೂ ಬಂತು. ಸತ್ಯ ಹೇಳಿದವರ ಮೇಲೆ ಬರುವ ಸಿಟ್ಟಿಗೆ ಒಂದು ವಿಶೇಷ ಖಾರವಿರುತ್ತದೆ.

ಮರುದಿನ ಊಟಕ್ಕೆ ಕುಳಿತಾಗ ಕೇಳಿದೆ, "ಸ್ಕೂಲ್ ಹೆಂಗಿತ್ತು?" "ಗುಡ್." ನಾನು ಸಾರಿನ ಕಡೆ ತಿರುಗಿದೆ. ಅಷ್ಟರಲ್ಲಿ ಫೋನನ್ನು ಬೋರಲು ಹಾಕಿದ ಸದ್ದಾಯಿತು. "ಅಪ್ಪಾ, ಕೆನೆಗೋಸ್ಕರ ನೆಲದ ಮೇಲೆ ಉರುಳಾಡಿದ್ರಾ? ಫಾರ್ ರಿಯಲ್?" ಮಾನ ಹೇಗೂ ಹೋಗಿತ್ತು, ಪೂರ್ತಿ ಹೇಳಿದೆ. ಉರುಳುತ್ತ ಉರುಳುತ್ತ ಹೋಗಿ ಅಮ್ಮ ರಂಗೋಲಿ ಹಾಕುತ್ತಿದ್ದಲ್ಲಿಗೆ ತಲುಪಿ, ಬಣ್ಣಬಣ್ಣದ ಮೈಯಲ್ಲಿ ಎದ್ದು ನಿಂತದ್ದನ್ನೂ ಹೇಳಿದೆ. ಅವಳು ನಕ್ಕ ರಭಸಕ್ಕೆ ನೀರು ನೆತ್ತಿಗೇರಿತು. ಬಡತನದ ಕಥೆಗಳಿಗೂ ಅವಳು ಕುರ್ಚಿಯನ್ನು ನನ್ನ ಇಷ್ಟು ಹತ್ತಿರ ಎಳೆದುಕೊಂಡಿರಲಿಲ್ಲ.

ಈಗ ಕ್ಲಾಸಿನಲ್ಲಿ ಕಾದಂಬರಿ ಮುಗಿದು ಎಷ್ಟೋ ದಿನವಾಗಿದೆ, ನಮ್ಮ ಮೇಜಿನಲ್ಲಿ ಕಥೆ ನಡೆದೇ ಇದೆ. ಅಕ್ಕ ಜೆರಿಕೋದಿಂದ ಸ್ಪೀಕರ್ ಫೋನಿನಲ್ಲಿ ನಾನು ಮರೆತದ್ದನ್ನೆಲ್ಲ ಸೇರಿಸುತ್ತಾಳೆ. ಮೊನ್ನೆ ನನಗೆ ಚಿಂತೆ ಹತ್ತಿತು. ಬಾಲ್ಯದ ಪೆದ್ದುತನಗಳೂ ಬಡತನದ ಹಾಗೆ ಒಂದು ದಿನ ಮುಗಿದುಹೋದರೆ ಮಗಳನ್ನು ಹಿಡಿದು ಕೂರಿಸುವುದು ಹೇಗೆ? ಸುಧಾಳನ್ನು ಕೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತ, "ಅದಕ್ಯಾಕ್ರೀ ಇಷ್ಟೊಂದು ಯೋಚ್ನೆ? ಹೋದ ವಾರದ್ದೇ ಎಷ್ಟೊಂದಿವೆ!" ಎಂದಳು.