ಮೂರನೇ ನಲ್ಲಿ ನಿರಪರಾಧಿ

ಮಾನ್ಯರೇ,

ಮೊನ್ನೆಯ ಬಿಯರ್ ಉತ್ಸವದಲ್ಲಿ ಏಳನೇ ಮಳಿಗೆಯನ್ನು ಬೆಳಗಿದ ಮಾಲೀಕರಾದ ತಮಗೆ, ಮನೆಯ ಸ್ನಾನದ ಕೋಣೆಯಲ್ಲಿ ಎರಡು ವರ್ಷಗಳಿಂದ ಸ್ವಂತ ಕೈಯಾರೆ ಬಿಯರ್ ತಯಾರಿಸುತ್ತಿರುವ ಈ ಬಡಪಾಯಿಯ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಅತಿಯಾದ ಸೌಜನ್ಯದಿಂದ ನನಗಾಗಿರುವ ಹಾನಿಯನ್ನು ನಾಲ್ಕು ಜನರೆದುರು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಮ್ಮ ಸ್ನಾನದ ಕೋಣೆಯಲ್ಲಿ ಮುಚ್ಚಳ ಬಿಗಿದ ದೊಡ್ಡ ಬಕೆಟ್ ಒಂದು ಸದಾ ಗುಳುಗುಳು ಎನ್ನುತ್ತಿರುತ್ತದೆ. ಮನೆಮಂದಿಯೆಲ್ಲ ಅದಕ್ಕೆ ಮೊಣಕೈ ತಾಗದಂತೆ ಮೈ ಮುದುಡಿಕೊಂಡೇ ಸ್ನಾನ ಮುಗಿಸುತ್ತಾರೆ. ಉತ್ಸವದ ಹಿಂದಿನ ದಿನ ನನ್ನ ಹೆಂಡತಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ನೋಡ್ರೀ, ಬಲ್ಲೋರು ಯಾರಾದ್ರೂ ಒಬ್ರು ಕುಡಿದು ಚೆನ್ನಾಗಿದೆ ಅಂದ್ರೆ ಬಕೆಟ್ ಇರ್ಲಿ. ಇಲ್ಲಾಂದ್ರೆ ಅದು ಈ ಮನೇಲಿರಬಾರದು.”

ಆದ್ದರಿಂದಲೇ ನಾನು ನನ್ನ ಬಾಟಲಿಯೊಂದನ್ನು ಕಾಲುಚೀಲದಲ್ಲಿ ಸುತ್ತಿ, ಕೋಟಿನ ಒಳಜೇಬಿನಲ್ಲಿ ಅಡಗಿಸಿಕೊಂಡು ಬಂದೆ. ಮನೆಯಲ್ಲಿ ಮಾಡಿದ್ದೆಂದು ಹೇಳಿದರೆ ತಾವು ದಾಕ್ಷಿಣ್ಯಕ್ಕೆ ಹೊಗಳಿಬಿಟ್ಟೀರಿ ಎಂಬ ಭಯ ಬೇರೆ. ಹಾಗಾಗಿ ತಮ್ಮ ಮೂರನೇ ನಲ್ಲಿಯ ಬಿಯರನ್ನು ಕುಡಿದು ಮುಗಿಸಿ, ಮರೆಯಲ್ಲಿ ಅದೇ ಲೋಟಕ್ಕೆ ನನ್ನದನ್ನು ಸುರಿದು, “ಇದನ್ನ ಸ್ವಲ್ಪ ನೋಡ್ತೀರಾ ಸಾರ್?” ಎಂದು ತಮ್ಮ ಕೈಗಿತ್ತೆ.

ತಾವು ಒಂದು ಗುಟುಕು ಕುಡಿದಿರಿ. ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ಉಗಿದು, ನಾಲ್ಕು ಮಾತು ಬೈದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಾವು ಸಜ್ಜನರು ನೋಡಿ! “ಅಯ್ಯಯ್ಯೋ, ಕ್ಷಮಿಸಿ ಸಾರ್, ಪೈಪ್ ತೊಳೆದಿಲ್ಲ ಅಂತ ಕಾಣುತ್ತೆ” ಎಂದು ಎರಡೂ ಕೈ ಮುಗಿದಿರಿ. ಮೂರನೇ ನಲ್ಲಿಗೆ ಬಟ್ಟೆ ಬಿಗಿದಿರಿ, ನಾಲ್ಕನೆಯದರಿಂದ ಹೊಸ ಲೋಟ ತುಂಬಿಕೊಟ್ಟಿರಿ, ಸಾಲದ್ದಕ್ಕೆ ಪೈಪು ತೊಳೆಯುವ ಹೆಂಗಸನ್ನು ಕರೆದು ಎಲ್ಲರೆದುರು ನೀರಿಳಿಸಿದಿರಿ. “ಬೆಳಿಗ್ಗೆಯಿಂದ ಎರಡು ಸಲ ತೊಳ್ದಿದೀನಿ ಸಾರ್” ಎಂದು ಆಕೆ ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತಾ ಹೇಳಿದರೂ, ನಾಳೆಯಿಂದ ಬರುವುದು ಬೇಡ ಎಂದಿರಿ. ನಾನು ಬಾಟಲಿಯನ್ನು ಕೋಟಿನ ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿಕೊಂಡೆ.

ಅಷ್ಟರಲ್ಲಿ, ನನ್ನ ಜೊತೆಗೇ ಉತ್ಸವಕ್ಕೆ ಬಂದು ದೂರದಿಂದ ಇದನ್ನೆಲ್ಲ ನೋಡುತ್ತಿದ್ದ ನನ್ನ ಹೆಂಡತಿ ಹತ್ತಿರ ಬಂದು, ಹೊಸ ಲೋಟವನ್ನು ಕಸಿದು ಗಟಗಟನೆ ಕುಡಿದಳು. “ರೀ, ಇದು ನೀವ್ ಮಾಡಿದ್ದಾ? ಪರವಾಗಿಲ್ವೇ! ಅದಕ್ಕೇ ಆ ಮನುಷ್ಯ ನಿಮಗೆ ಕೈ ಮುಗೀತಿದ್ದಿದ್ದು!” ಎಂದಳು. ನಾನು ಹೂಂ ಎಂದೆ.

ಈಗ ಅವಳು ಬಕೆಟ್ಟನ್ನು ದಿನಾ ತನ್ನ ಟವಲಿನಿಂದಲೇ ಒರೆಸುತ್ತಾಳೆ. ಅವಳ ತಂದೆಯ ಹುಟ್ಟುಹಬ್ಬದ ಔತಣಕ್ಕೆ ಇದೇ ಬಿಯರ್ ಎಂದು ಬಂಧುಬಳಗಕ್ಕೆಲ್ಲ ಸಾರಿದ್ದಾಳೆ. ಆದಕಾರಣ ತಾವು ದಯಮಾಡಿ ತಮ್ಮ ನಾಲ್ಕನೇ ನಲ್ಲಿಯಿಂದ ನೆಲದಡಿಯಲ್ಲಿ ಪೈಪು ಎಳೆಸಿ, ಅದರ ತುದಿಯನ್ನು ನನ್ನ ಬಕೆಟ್ಟಿಗೆ ಗುಟ್ಟಾಗಿ ಜೋಡಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಅದು ಕಷ್ಟವಾದರೆ ಔತಣಕ್ಕೆ ತಾವೇ ದಯಮಾಡಿಸಿ, ನನ್ನ ಮಾವನಿಂದ ಹಿಡಿದು ಪ್ರತಿಯೊಬ್ಬರೂ ಒಂದೊಂದು ಗುಟುಕು ಕುಡಿದ ಕೂಡಲೇ ಅದೇ ವಿನಯದಿಂದ ಕ್ಷಮೆ ಕೇಳಿ, ಲೋಟ ಬದಲಿಸಿಕೊಡಬೇಕು.

ಇವೆರಡೂ ಆಗದಿದ್ದರೆ ಒಂದನ್ನಾದರೂ ಮಾಡಿ: ಆ ತಾಯಿಯನ್ನು ಮರಳಿ ಕೆಲಸಕ್ಕೆ ಕರೆಯಿರಿ. ಆಕೆಯ ಪೈಪಿನಲ್ಲಿ ಯಾವ ಕೊಳೆಯೂ ಇರಲಿಲ್ಲ. ಮೂರನೇ ನಲ್ಲಿಯ ಬಿಯರ್ ನನ್ನ ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ತಾವು ಕುಡಿದದ್ದು ನನ್ನದು. ಆಕೆ ಏಪ್ರನ್ ಬಿಚ್ಚಿಟ್ಟು ಹೊರಟುಹೋದದ್ದೂ ಅದರಿಂದಲೇ.

ಇಷ್ಟೆಲ್ಲ ಆದ ಮೇಲೂ ವಿಶ್ವಾಸ ಉಳಿದಿದ್ದರೆ,
ತಮ್ಮ ವಿಶ್ವಾಸಿ,
ಕಾಲುಚೀಲದ ಗಿರಾಕಿ

ತಾ.ಕ.: ಆಕೆಯನ್ನು ಬೈಯುವ ಮೊದಲು ತಾವು ಮೂರನೇ ನಲ್ಲಿಯನ್ನು ತಿರುಗಿಸಿ ಒಂದು ಗುಟುಕು ನೋಡಬಹುದಿತ್ತು, ನೋಡಲಿಲ್ಲ, ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಈ ಒಂದು ವಿದ್ಯೆಯಲ್ಲಾದರೂ ನಾನು ತಮಗೆ ಸರಿಸಮಾನ ಎಂದು ಹೆಮ್ಮೆಪಡುತ್ತೇನೆ. ಅಂದಹಾಗೆ ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ, ನನ್ನ ಹೆಂಡತಿ ಮೊದಲು ಓದುವುದು ಓದುಗರ ಪತ್ರಗಳನ್ನೇ. ಬಕೆಟ್ಟನ್ನು ತೊಳೆದು ಬಾಗಿಲ ಬಳಿ ಇಟ್ಟಿದ್ದೇನೆ. ಪಕ್ಕದಲ್ಲೇ ನನ್ನ ಚಪ್ಪಲಿಯನ್ನೂ ಇಟ್ಟುಕೊಂಡಿದ್ದೇನೆ.